ಕಾರ್ ಮೇಷ್ಟ್ರ ಗೈಡು ಮತ್ತು ರಾಮಾನುಜನ್ನರ ಇಂಗ್ಲಿಷು

ಮನೆಪಾಠವೆಂದರೆ ನನಗೆ ಅಷ್ಟೇನೂ ಒಲವಿರಲಿಲ್ಲವೆಂಬುದು ನನ್ನ ಹಳೆಯ ವಿದ್ಯಾರ್ಥಿಗಳಿಗೆ ತಿಳಿದೇ ಇದೆ. ಯಾರ ಚೀಲದಲ್ಲಾದರೂ ಗೈಡು ಕಂಡರೆ ಅದು ನನ್ನ ಮೇಜಿನ ಖಾನೆ ಸೇರುತ್ತಿತ್ತು. ಅಂಥ ನನಗೆ, ಶ್ರೀನಿವಾಸ ರಾಮಾನುಜನ್ನರನ್ನು ಎಚ್ಚರಗೊಳಿಸಿದ್ದು ಒಬ್ಬ ಮನೆಪಾಠದ ಮೇಷ್ಟ್ರ ಪುಸ್ತಕವೆಂದು ಓದಿದಾಗ ಮುಜುಗರವೇ ಆಯಿತು.

1903ರಲ್ಲಿ ಕುಂಭಕೋಣದ ಆ ಹುಡುಗನ ಕೈಗೆ ಸಿಕ್ಕಿದ್ದು ಜಿ. ಎಸ್. ಕಾರ್ ಅವರ ‘ಸಿನಾಪ್ಸಿಸ್’. ಕಾರ್ ಲಂಡನ್ನಿನಲ್ಲಿ ಕೇಂಬ್ರಿಜ್ ಪರೀಕ್ಷೆಗೆ ಹುಡುಗರನ್ನು ಅಣಿಗೊಳಿಸುತ್ತಿದ್ದವರು. ತಮ್ಮ ಪಾಠದ ಟಿಪ್ಪಣಿಗಳನ್ನೇ ಬೆಳೆಸಿ ಸಾವಿರಾರು ಸೂತ್ರಗಳ ಗ್ರಂಥ ಮಾಡಿದ್ದರು. ಸಾಧನೆಗಳು ಅದರಲ್ಲಿ ಅತ್ಯಲ್ಪ. ಆ ಕೊರತೆಯೇ ವರವಾಯಿತು. ಹುಡುಗ ಒಂದೊಂದನ್ನೂ ತಾನೇ ಸಾಧಿಸುತ್ತ ಹೋದ.

1904ರಲ್ಲಿ ಮೆಟ್ರಿಕ್ಯುಲೇಷನ್ ಮುಗಿಸಿ ಕುಂಭಕೋಣದ ಸರ್ಕಾರಿ ಕಾಲೇಜಿಗೆ ಸೇರಿದಾಗ ದೊರೆತದ್ದು ಸುಬ್ರಹ್ಮಣ್ಯಂ ವಿದ್ಯಾರ್ಥಿವೇತನ. ಅದನ್ನು ಕೊಡುತ್ತಿದ್ದುದು ಇಂಗ್ಲಿಷ್ ಮತ್ತು ಗಣಿತಗಳೆರಡರ ಪ್ರೌಢಿಮೆಗಾಗಿ. ಗಣಿತದಲ್ಲೇ ಮುಳುಗಿದವರಿಗೆ ಇಂಗ್ಲಿಷ್ ಕೈಕೊಟ್ಟಿತು, ವೇತನವೂ ಹೋಯಿತು. ಮುಂದೆ ಮದರಾಸಿನ ಪಚ್ಚಯ್ಯಪ್ಪ ಕಾಲೇಜಿಗೆ ಸೇರಿದರೂ 1907ರಲ್ಲಿ ಎಫ್.ಎ. ಪರೀಕ್ಷೆ ದಾಟಲಾಗಲಿಲ್ಲ. ಹೊಟ್ಟೆಪಾಡಿಗೆಂದು ತಾವೇ ಮನೆಪಾಠಕ್ಕಿಳಿದರು. ಅನಂತ, ಅತ್ಯಣುಗಳ ಮಾತೇ ಹೊರತು ಪರೀಕ್ಷೆಗೆ ಬೇಕಾದದ್ದು ಅವರಿಂದ ಬರುತ್ತಿರಲಿಲ್ಲವಂತೆ. ಅಂಥವರಿಗೆ ಯಾವ ತಂದೆ ದುಡ್ಡು ಕೊಟ್ಟಾನು!

1912ರಲ್ಲಿ ಬಂದರು ಟ್ರಸ್ಟಿನಲ್ಲಿ ತಿಂಗಳಿಗೆ 30 ರೂಪಾಯಿಯ ಗುಮಾಸ್ತಿಕೆ ದೊರೆಯಿತು. 1913ರ ಜನವರಿ 16ರಂದು ಕೇಂಬ್ರಿಜ್‌ನ ಹಾರ್ಡಿಯವರಿಗೆ ಬರೆದ ಪತ್ರ ಜಗತ್ಪ್ರಸಿದ್ಧ. ಆದರೆ ಆ ಇಂಗ್ಲಿಷ್ ಪೂರ್ತಿ ರಾಮಾನುಜನ್ನರದಲ್ಲ; ಗೆಳೆಯರು ನೆರವಾಗಿದ್ದರೆಂದು ಅವರೇ ಹೇಳಿದ ನೆನಪನ್ನು ಹಾರ್ಡಿ ದಾಖಲಿಸಿದ್ದಾರೆ. ಸೂತ್ರಗಳು ಅವರವು, ವಾಕ್ಯಗಳಿಗೆ ಹೆಗಲು ಕೊಟ್ಟವರು ಬೇರೆಯವರು. 1916ರಲ್ಲಿ ಅದೇ ಕೇಂಬ್ರಿಜ್ ಅವರಿಗೆ ಬಿ.ಎ. ಪದವಿಯಿತ್ತಿತು.

ಇದನ್ನು ಓದುವಾಗಲೆಲ್ಲ ನನಗೊಬ್ಬ ಹುಡುಗ ನೆನಪಾಗುತ್ತಾನೆ. ಬೀಜಗಣಿತದ ಲೆಕ್ಕವನ್ನು ಮನಸ್ಸಿನಲ್ಲೇ ಬಿಡಿಸಿ ಉತ್ತರವನ್ನಷ್ಟೇ ಬರೆಯುತ್ತಿದ್ದ. ಹಂತಗಳಿಲ್ಲವೆಂದು ನಾನು ಅಂಕ ಕತ್ತರಿಸುತ್ತಿದ್ದೆ. ಇಂಗ್ಲಿಷ್ ಪ್ರಬಂಧದಲ್ಲಂತೂ ಹಸುವಿನ ಮೇಲಿನ ನಾಲ್ಕು ವಾಕ್ಯ ದಾಟುತ್ತಿರಲಿಲ್ಲ. ಒಮ್ಮೆ ಸಂಜೆ ಮನೆಗೆ ಬಂದು, “ಸಾರ್, ಇಂಗ್ಲಿಷ್ ಹೇಳಿಕೊಡ್ತೀರಾ?” ಎಂದ. “ಅದು ನನ್ನ ವಿಷಯವಲ್ಲ, ಇಂಗ್ಲಿಷ್ ಮೇಷ್ಟ್ರನ್ನು ಕೇಳಪ್ಪ” ಎಂದು ಕಳಿಸಿಬಿಟ್ಟೆ. ಎಸ್.ಎಸ್.ಎಲ್.ಸಿ.ಯಲ್ಲಿ ಅವನು ಆ ಒಂದೇ ವಿಷಯದಲ್ಲಿ ಅನುತ್ತೀರ್ಣನಾದ. ಮತ್ತೆ ಪರೀಕ್ಷೆಗೆ ಕೂರಲಿಲ್ಲ.

ಈಗವನು ಪೇಟೆಯಲ್ಲಿ ಕಿರಾಣಿ ಅಂಗಡಿ ಇಟ್ಟಿದ್ದಾನೆ. ಕ್ಯಾಲ್ಕುಲೇಟರ್ ಮುಟ್ಟುವುದಿಲ್ಲ. ಹೋದ ವರ್ಷ ಮಗಳ ವಿದ್ಯಾರ್ಥಿವೇತನಕ್ಕೆ ಇಂಗ್ಲಿಷಿನಲ್ಲಿ ಅರ್ಜಿ ಬರೆಯಬೇಕೆಂದು ಅದೇ ಬಾಗಿಲಿಗೆ ಬಂದ. ಆ ಸಂಜೆ ನಾನು, ಅವನು, ಅವನ ಮಗಳು ಮೂವರೂ ಕುಳಿತು ಬರೆದೆವು. ಎರಡು ಸಲ ಹರಿದುಹಾಕಿ, ಮೂರನೆಯದನ್ನು ಅವಳು ತನ್ನ ಕೈಯಾರೆ ನಕಲು ಮಾಡಿಕೊಂಡಳು.