ಪುಟದೊಳಗೆ ಬಂದ ಸ್ಕ್ರಿಪ್ಟು, ಉಳಿದುಕೊಂಡ ಲಿಪಿ

ಕಳೆದ ವಾರ ಮಲಪನಗುಡಿಯ ಮನೆಯಲ್ಲಿ ಹಳೆಯ ಸಿ.ಡಿ.ಗಳನ್ನು ಗಣಕಕ್ಕೆ ಹಾಕಿ ನೋಡುತ್ತಿದ್ದೆ. ನಮ್ಮೂರಿನ ವಿಜಯನಗರ ಕಾಲದ ಬಾವಿಯ ಕುರಿತು ಹಿಂದೆ ಬರೆದಿದ್ದ ಎರಡು ಲೇಖನಗಳು ದೊರೆತವು. ಒಂದನ್ನು ತೆರೆದರೆ ರೋಮನ್ ಅಕ್ಷರ ಮತ್ತು ಚಿಹ್ನೆಗಳ ಕಲಸುಮೇಲೋಗರ. ಇನ್ನೊಂದು ಅಚ್ಚುಕಟ್ಟಾದ ಕನ್ನಡ. ಈ ಭೇದದ ಹಿಂದೆ ಒಂದು ಪುಟ್ಟ ಇತಿಹಾಸವಿದೆ.

ಮೊದಲನೆಯದನ್ನು ಅಂದಿನ ರೂಢಿಯಂತೆ ಫಾಂಟ್ ನಂಬಿ ಬರೆದಿದ್ದೆ. ಅಲ್ಲಿ ಗಣಕ ಕೂಡಿಟ್ಟದ್ದು ರೋಮನ್ ಸಂಕೇತಗಳನ್ನು. ಕನ್ನಡವೆಂಬುದು ಮೇಲಿನ ವೇಷ ಮಾತ್ರ. ಫಾಂಟ್ ಇಲ್ಲವಾದೊಡನೆ ವೇಷ ಕಳಚಿತು. ಯುನಿಕೋಡ್ ಇದಕ್ಕೆ ಬೇರೆಯೇ ದಾರಿ ಹಿಡಿಯಿತು. ೧೯೯೧ರ ಮೊದಲ ಆವೃತ್ತಿಯಲ್ಲೇ ಅದು ಕನ್ನಡಕ್ಕೆ ಸ್ಥಾನ ಕೊಟ್ಟಿತ್ತು. ಅದರಲ್ಲಿ 'ಕ' ಅಕ್ಷರದ ಸಂಖ್ಯೆ ೩೨೨೧. ಫಾಂಟ್ ಬದಲಾದರೂ ಸಂಖ್ಯೆ ಬದಲಾಗದು.

ಆದರೆ ಆ ಸಂಖ್ಯೆಯನ್ನು ಪುಟದೊಳಗೆ ಒತ್ತುವುದು ಹೇಗೆ? ೨೦೦೯ರ ಸುಮಾರಿಗೆ ಹೊಸಪೇಟೆಯ ಸೈಬರ್ ಕೆಫೆಯೊಂದರಲ್ಲಿ ಈ ಪ್ರಶ್ನೆ ನನ್ನೆದುರು ನಿಂತಿತು. ಅಲ್ಲಿನ ಗಣಕದಲ್ಲಿ ಕನ್ನಡ ಕೀಲಿಮಣೆ ಅಳವಡಿಸಿರಲಿಲ್ಲ. ನನ್ನ ಹಳೆಯ ವಿದ್ಯಾರ್ಥಿಯೊಬ್ಬ, "ಸರ್, ಏನೂ ಹಾಕೋದು ಬೇಡ, ನೋಡ್ರಿ" ಎಂದು ಬ್ರೌಸರಿನ ಅಚ್ಚುಮೆಚ್ಚಿನ ಪಟ್ಟಿಗೆ ಒಂದು ಕೊಂಡಿಯನ್ನು ಸೇರಿಸಿ ಒತ್ತಿದ. ತೆರೆದಿದ್ದ ಪುಟದಲ್ಲಿ ರೋಮನ್ ಅಕ್ಷರಗಳಲ್ಲಿ ಊರಿನ ಹೆಸರು ಬರೆದು ಜಾಗ ಬಿಟ್ಟೆ. 'ಮಲಪನಗುಡಿ' ಎಂದು ಕನ್ನಡದಲ್ಲಿ ಮೂಡಿತು. ನಿಜವಾಗಿಯೂ ಬೆರಗಾದೆ.

ಆ ಕೊಂಡಿ ಮಾಡಿದ ಕೆಲಸವಿಷ್ಟೇ. ತೆರೆದಿರುವ ಪುಟದಲ್ಲಿ 'ಸ್ಕ್ರಿಪ್ಟ್' ಎಂಬ ಹೊಸ ಅಂಗವೊಂದನ್ನು ಸೃಷ್ಟಿಸಿ, ಅದಕ್ಕೆ ದೂರದ ಕಡತದ ವಿಳಾಸ ಕೊಟ್ಟು, ಪುಟಕ್ಕೆ ಜೋಡಿಸುವುದು. ಬ್ರೌಸರ್ ಆ ಕಡತವನ್ನು ತಂದು ಅಲ್ಲೇ ನಡೆಸುತ್ತದೆ. ಪಾಠ ನಡೆಯುತ್ತಿರುವ ತರಗತಿಗೆ ಹೊಸ ಮೇಷ್ಟ್ರು ಬಂದು ಪಾಠ ಮುಂದುವರಿಸಿದಂತೆ.

ತೊಡಕು ಬೇರೆ ಕಡೆ ಇತ್ತು. ನೆಟ್‌ಸ್ಕೇಪ್ ಸಂಸ್ಥೆಯಲ್ಲಿ ಬ್ರೆಂಡನ್ ಐಕ್ ೧೯೯೫ರಲ್ಲಿ ಜಾವಾಸ್ಕ್ರಿಪ್ಟ್ ರಚಿಸಿದರು. ಮರುವರ್ಷವೇ ಮೈಕ್ರೋಸಾಫ್ಟ್ ತನ್ನ ಇಂಟರ್ನೆಟ್ ಎಕ್ಸ್‌ಪ್ಲೋರರಿಗೆ ಜೆಸ್ಕ್ರಿಪ್ಟ್ ಎಂಬ ಸ್ವಂತ ರೂಪವನ್ನು ತಂದಿತು. ೧೯೯೭ರಲ್ಲಿ ಭಾಷೆಗೂ ೧೯೯೮ರಲ್ಲಿ ಪುಟದ ಅಂಗರಚನೆಗೂ ಸಾಮಾನ್ಯ ನಿಯಮಗಳಾದರೂ ಆಚರಣೆ ಒಂದಾಗಲಿಲ್ಲ. ಕಡತ ಬಂದು ತಲುಪಿತೆಂಬುದನ್ನು ಫೈರ್‌ಫಾಕ್ಸ್ ಒಂದು ಸೂಚನೆಯಿಂದ ತಿಳಿಸಿದರೆ, ಹಳೆಯ ಎಕ್ಸ್‌ಪ್ಲೋರರ್ ಇನ್ನೊಂದರಿಂದ ತಿಳಿಸುತ್ತಿತ್ತು. ಬರೆಯುವ ಪೆಟ್ಟಿಗೆಯಲ್ಲಿ ಕರ್ಸರ್ ಎಲ್ಲಿದೆಯೆಂದು ಕೇಳುವ ರೀತಿಯೂ ಬೇರೆ. ಅದನ್ನು ತಿಳಿಯದೆ ಅಕ್ಷರವನ್ನು ಸರಿಯಾದ ಜಾಗದಲ್ಲಿ ಕೂಡಿಸುವುದು ಸಾಧ್ಯವಿಲ್ಲ. ಆದ್ದರಿಂದ ಸ್ಕ್ರಿಪ್ಟು ಬರೆದವರು, 'ನಿನಗೆ ಈ ವಿಧಾನ ಗೊತ್ತೆ? ಇಲ್ಲದಿದ್ದರೆ ಆ ವಿಧಾನ' ಎಂದು ಬ್ರೌಸರನ್ನೇ ಕೇಳಿ ಮುಂದುವರಿಯಬೇಕಾಗಿತ್ತು. ೨೦೧೧ರ ಎಕ್ಸ್‌ಪ್ಲೋರರ್ ೯ ಸಾಮಾನ್ಯ ವಿಧಾನಗಳನ್ನು ಬಹುಮಟ್ಟಿಗೆ ಒಪ್ಪಿಕೊಂಡಿತು. ೨೦೨೨ರ ಜೂನ್‌ನಲ್ಲಿ ಆ ಬ್ರೌಸರೇ ನಿವೃತ್ತವಾಯಿತು.

ಇದೇ ಬಗೆಯ ಸ್ಕ್ರಿಪ್ಟುಗಳ ಬಲದಿಂದಲೇ ೨೦೦೩ರಲ್ಲಿ ಆರಂಭವಾದ ಕನ್ನಡ ವಿಕಿಪೀಡಿಯದಲ್ಲೂ ಕೀಲಿಮಣೆ ಇಲ್ಲದವರು ಕನ್ನಡ ಬರೆಯಲು ಸಾಧ್ಯವಾಯಿತು.

ಒಂದು ಎಚ್ಚರಿಕೆಯ ಮಾತನ್ನೂ ಹೇಳಬೇಕು. ಹೀಗೆ ಒಳಬಂದ ಸ್ಕ್ರಿಪ್ಟು ಆ ಪುಟದಲ್ಲಿ ನಾವು ಒತ್ತುವ ಗುಪ್ತಪದವನ್ನೂ ಓದಬಲ್ಲದು. ಹೊರಗಿನ ಸ್ಕ್ರಿಪ್ಟುಗಳನ್ನು ಇಂದಿನ ಅನೇಕ ತಾಣಗಳು ತಡೆಯುವುದು ಇದಕ್ಕಾಗಿಯೇ. ಅಂದು ಕೆಫೆಯಲ್ಲಿ ಕುಳಿತು ನಾವಿಬ್ಬರೂ ಈ ವಿಚಾರವನ್ನು ಯೋಚಿಸಿರಲಿಲ್ಲ.

ಇಂಗ್ಲಿಷಿನಲ್ಲಿ 'ಸ್ಕ್ರಿಪ್ಟ್' ಎಂದರೆ ಲಿಪಿಯೆಂದೂ ಅರ್ಥವಿದೆ. ಆ ದಿನ ಪುಟದೊಳಗೆ ಬಂದ ಸ್ಕ್ರಿಪ್ಟು ಪುಟ ಮುಚ್ಚಿದೊಡನೆ ಮಾಯವಾಯಿತು. ಅದು ಕೂಡಿಸಿಕೊಟ್ಟ ಲಿಪಿ ಮಾತ್ರ ನನ್ನ ಎರಡನೆಯ ಲೇಖನದಲ್ಲಿ ಇಂದಿಗೂ ಓದಲು ಸಿಗುತ್ತಿದೆ. ಮೊದಲನೆಯದರ ಫಾಂಟಿನ ಹೆಸರು ನೆನಪಾದರೆ ಪರಿವರ್ತಕ ತಂತ್ರಾಂಶದಿಂದ ಅದನ್ನೂ ಮರಳಿ ಪಡೆಯಬಹುದು. ನಿಮ್ಮ ಮನೆಯಲ್ಲಿಯೂ ಅಂಥ ಹಳೆಯ ಕಡತಗಳಿದ್ದರೆ, ಫಾಂಟಿನ ಹೆಸರು ಮರೆತುಹೋಗುವ ಮುನ್ನ ತೆರೆದು ನೋಡಿ.