ಖಾಲಿ ಬಾಟಲಿಯ ಕೂಲಿ

ಬೆಂಗಳೂರಿನ ದಂಡಿನಲ್ಲಿ ಖಾಲಿ ಬಾಟಲಿ ಹಿಂದಕ್ಕೆ ಹೋಗಲು ಯಾವ ಕಾನೂನೂ ಬೇಕಿರಲಿಲ್ಲ. ಬಾಟಲಿಗೇ ಬೆಲೆಯಿತ್ತು, ಅಷ್ಟೇ ಸಾಕಾಗಿತ್ತು. 1809ರಲ್ಲಿ ಬ್ರಿಟಿಷ್ ಪಡೆ ಇಲ್ಲಿ ನೆಲೆಯೂರಿದ ಮೇಲೆ ಸೋಡಾ, ಬಿಯರು ಎರಡಕ್ಕೂ ಗಿರಾಕಿಗಳು ಹುಟ್ಟಿಕೊಂಡರು. 1915ರಲ್ಲಿ ಥಾಮಸ್ ಲೀಷ್‌ಮನ್ ಎಂಬ ಸ್ಕಾಟ್ಲೆಂಡಿನವನು ದಕ್ಷಿಣದ ಕೆಲವು ಬ್ರೂವರಿಗಳನ್ನು ಒಟ್ಟುಗೂಡಿಸಿ ಯುನೈಟೆಡ್ ಬ್ರೂವರೀಸ್ ಕಟ್ಟಿದ. ಆ ಕಾಲಕ್ಕೆ ಸಿಪಾಯಿಗಳಿಗೆ ಬಿಯರು ಹೋಗುತ್ತಿದ್ದದ್ದು ಎತ್ತಿನ ಗಾಡಿಯ ಮೇಲೆ, ದೊಡ್ಡ ಪೀಪಾಯಿಗಳಲ್ಲಿ. ಬಾಟಲಿ ಬಂದ ಮೇಲೆ ಖಾಲಿಯನ್ನು ಕೂಡಿಸುವುದೇ ಒಂದು ಕಸುಬಾಯಿತು. ನಮ್ಮ ಮನೆತನ ಉಂಡದ್ದು ಆ ಕಸುಬಿನಿಂದ.

ಗೋಲಿ ಸೋಡಾದ ಬಾಟಲಿಯನ್ನು ಹೈರಮ್ ಕಾಡ್ ಎಂಬ ಇಂಗ್ಲಿಷ್ ಎಂಜಿನಿಯರು 1872ರಲ್ಲಿ ಪೇಟೆಂಟ್ ಮಾಡಿಸಿದ. ಕತ್ತಿನಲ್ಲಿ ಗಾಜಿನ ಗೋಲಿ, ಬಾಯಿಯೊಳಗೆ ರಬ್ಬರ್ ಬಳೆ; ಗ್ಯಾಸಿನ ಒತ್ತಡಕ್ಕೆ ಗೋಲಿ ಮೇಲೆದ್ದು ಬಳೆಗೆ ಕಚ್ಚಿಕೊಳ್ಳುತ್ತದೆ. ಒಳಗಿನ ಸೋಡಾಕ್ಕಿಂತ ಬಾಟಲಿಯೇ ದುಬಾರಿ. ಹಾಗಾಗಿ ಅಂಗಡಿಯ ಮುಂದೆ ನಿಂತೇ ಕುಡಿಯಬೇಕು, ಮನೆಗೆ ಬೇಕೆಂದರೆ ಬಾಟಲಿ ದುಡ್ಡು ಇಟ್ಟು ಹೋಗಬೇಕು. ಹಲಸೂರಿನಲ್ಲಿದ್ದ ಅಪ್ಪನ ಅಂಗಡಿಯಲ್ಲಿ ಆ ದುಡ್ಡಿಗೆಂದೇ ಬೇರೆ ಡಬ್ಬಿಯಿತ್ತು. ಅದು ಊರವರ ದುಡ್ಡು ಎಂದು ಎಂಥ ಕಷ್ಟದಲ್ಲೂ ಅಪ್ಪ ಅದನ್ನು ಮುಟ್ಟಲಿಲ್ಲ.

ಆದರೆ ಬಾಟಲಿಯ ಹಿಂದೆ ಎಷ್ಟು ದುಡಿಮೆಯಿದೆ ಎಂದು ನನಗೆ ಗೊತ್ತಾದದ್ದು ಶಿವಾಜಿನಗರದಲ್ಲಿ, ದೊಡ್ಡಪ್ಪನ ಗೋದಾಮಿನಲ್ಲಿ. ‘ಹಳೇ ಪೇಪರ್, ಖಾಲಿ ಬಾಟ್ಲೀ’ ಎಂದು ಕೂಗುತ್ತ ಮರ್ಫಿ ಟೌನು, ಇಂದಿರಾನಗರ ಸುತ್ತಿ ಬಂದ ಸೈಕಲ್ಲಿನವರು ಮಧ್ಯಾಹ್ನದ ಹೊತ್ತಿಗೆ ಗೋಣಿಚೀಲ ಇಳಿಸುತ್ತಿದ್ದರು. ಒಂದೊಂದೇ ಬಾಟಲಿ ತೆಗೆದು ಬಾಯಿಯ ಸುತ್ತ ಬೆರಳಾಡಿಸಬೇಕು. ಕೂದಲೆಳೆಯಷ್ಟು ಚಕ್ಕೆ ಎದ್ದಿದ್ದರೂ ಬೆರಳಿಗೆ ಸಿಕ್ಕಿಬಿಡುತ್ತದೆ, ಎಷ್ಟೋ ಸಲ ರಕ್ತವೂ ಬರುತ್ತದೆ. ಆಮೇಲೆ ಮೂಸಬೇಕು. ಮನೆಗಳಲ್ಲಿ ಬಿಯರ್ ಬಾಟಲಿಗೆ ಸೀಮೆಎಣ್ಣೆ, ಫಿನಾಯಿಲ್ ತುಂಬಿಡುವುದು ರೂಢಿ. “ಮೂಸಿ ನೋಡಮ್ಮ, ಸೀಮೆಎಣ್ಣೆ ವಾಸ್ನೆ ಬಂದ್ರೆ ಅದು ಒಡಕಿನ ಲೆಕ್ಕ” ಅನ್ನುತ್ತಿದ್ದರು ದೊಡ್ಡಪ್ಪ. ಒಡಕು ಎಂದರೆ ತೂಕಕ್ಕೆ ಹೋಗುವ ಗಾಜು, ಅದರ ಬೆಲೆ ಬಾಟಲಿಯ ಬೆಲೆಯ ಹತ್ತಿರಕ್ಕೂ ಬರುವುದಿಲ್ಲ. ಮಿಕ್ಕವನ್ನು ಹೆಂಗಸರು ತೊಟ್ಟಿಯಲ್ಲಿ ನೆನೆಸಿ, ಚೀಟಿ ಕೆರೆದು, ಅಳತೆ ನೋಡಿ, ಮೈಮೇಲೆ ಉಬ್ಬಿ ಮೂಡಿದ ಕಂಪನಿಯ ಹೆಸರು ನೋಡಿ ಬೇರೆ ಬೇರೆ ಪೇರಿಸುತ್ತಿದ್ದರು. ಸಂಜೆಗೆ ಅವರ ಅಂಗೈ ಬಿಳುಚಿ ಸುಕ್ಕುಗಟ್ಟಿರುತ್ತಿತ್ತು.

ಇಷ್ಟು ಕೆಲಸಕ್ಕೂ ಯಾರೂ ಕೂಲಿ ಎಂದು ಕೊಡುತ್ತಿರಲಿಲ್ಲ. ಕೊಂಡ ಬೆಲೆಗೂ ಮಾರಿದ ಬೆಲೆಗೂ ನಡುವೆ ಉಳಿದದ್ದರಲ್ಲೇ ಗೋದಾಮಿನ ಬಾಡಿಗೆ, ಲಾರಿ, ಹೆಂಗಸರ ದಿನಗೂಲಿ ಎಲ್ಲ ಹುಟ್ಟಬೇಕು. ದಾರಿಯಲ್ಲಿ ಒಡೆದದ್ದು ನಮ್ಮ ತಲೆಗೆ. ಫ್ಯಾಕ್ಟರಿಯವರು ಈ ವಾರ ಖಾಲಿ ಬೇಡ ಎಂದರೆ ಅದೂ ನಮ್ಮ ತಲೆಗೆ. ಹೊಸ ಬಾಟಲಿಗಿಂತ ಅಗ್ಗಕ್ಕೆ ಹಳೆಯದು ಸಿಗುತ್ತಿದ್ದುದರ ಲಾಭ ಮಾತ್ರ ತುಂಬಿ ಮಾರುವವರಿಗೆ. ಇದನ್ನು ಅನ್ಯಾಯ ಎನ್ನದೆ ಬೇರೇನನ್ನಲಿ?

ಕೋಕಾ-ಕೋಲಾ 1977ರಲ್ಲಿ ದೇಶ ಬಿಟ್ಟಾಗ ಈ ವ್ಯವಸ್ಥೆ ಅಲುಗಲಿಲ್ಲ. ಬೇರೆ ಹೆಸರಿನ ಪಾನೀಯಗಳ ಗಾಜು ಅದೇ ಕ್ರೇಟುಗಳಲ್ಲಿ ಓಡಾಡಿತು. 1993ರಲ್ಲಿ ಅದು ಮರಳಿದ ಮೇಲಿನ ವರ್ಷಗಳಲ್ಲಿ ಪೆಟ್ ಬಾಟಲಿ ಹಬ್ಬಿತು. ಲೆಕ್ಕವೇ ತಲೆಕೆಳಗಾಯಿತು. ಗಾಜನ್ನು ಎಣಿಸಿ ಕೊಳ್ಳುತ್ತಿದ್ದರು, ಪ್ಲಾಸ್ಟಿಕ್ಕನ್ನು ತೂಗಿ ಕೊಳ್ಳುತ್ತಾರೆ. ನೀರಿನ ಲೀಟರ್ ಬಾಟಲಿ ನಲವತ್ತಕ್ಕೂ ಹೆಚ್ಚು ಸೇರಿದರೆ ಒಂದು ಕಿಲೋ. ಬಗ್ಗಿ ಎತ್ತುವುದು ಮಾತ್ರ ಒಂದೊಂದನ್ನೇ. 2011ರಲ್ಲಿ ಬಿಬಿಎಂಪಿ ಚಿಂದಿ ಆಯುವವರಿಗೆ ಗುರುತಿನ ಚೀಟಿ ಕೊಟ್ಟಿತು. ಮರುವರ್ಷ ಹೈಕೋರ್ಟು ಕಸವನ್ನು ಮನೆಯಲ್ಲೇ ಬೇರ್ಪಡಿಸಬೇಕೆಂದಿತು. ವಾರ್ಡುಗಳಲ್ಲಿ ಒಣತ್ಯಾಜ್ಯ ಕೇಂದ್ರಗಳು ಬಂದವು, ಕೆಲವನ್ನು ಆಯುವವರೇ ನಡೆಸತೊಡಗಿದರು. ಇದು ದೊಡ್ಡ ಗೌರವ, ಅದನ್ನು ನಾನು ಮನಸಾರೆ ಮೆಚ್ಚುತ್ತೇನೆ. ಆದರೂ ಗುಜರಿ ದರ ಬಿದ್ದ ದಿನ ಕೇಂದ್ರದ ಗಳಿಕೆಯೂ ಬೀಳುತ್ತದೆ, ದೊಡ್ಡಪ್ಪನ ಕಾಲದಲ್ಲಿ ಬೀಳುತ್ತಿದ್ದ ಹಾಗೆಯೇ.

ನ್ಯೂಯಾರ್ಕ್ ರಾಜ್ಯದಲ್ಲಿ 1983ರಿಂದ ಬಾಟಲಿಗೆ 5 ಸೆಂಟ್ ಠೇವಣಿಯಿದೆ. ಖಾಲಿಯನ್ನು ವಾಪಸು ಪಡೆಯುವ ಕೇಂದ್ರಕ್ಕೆ ಪಾನೀಯದ ಕಂಪನಿ ಬಾಟಲಿಗಿಷ್ಟು ಎಂದು ಬೇರೆಯೇ ಕೂಲಿ ಕೊಡಬೇಕು. 2009ರಲ್ಲಿ ಅದನ್ನು 3.5 ಸೆಂಟಿಗೆ ಏರಿಸಿ ವರ್ಷಗಟ್ಟಲೆ ಅಲ್ಲೇ ಬಿಟ್ಟರು. ಬಾಡಿಗೆ, ಸಂಬಳ ಏರಿದವು, ಕೇಂದ್ರಗಳು ಮುಚ್ಚತೊಡಗಿದವು. ನಮ್ಮ ನೆರೆಯ ನೀಲಗಿರಿಯಲ್ಲಿ 2022ರಿಂದ ಮದ್ಯದ ಬಾಟಲಿಗೆ 10 ರೂಪಾಯಿ ಹೆಚ್ಚು ಪಡೆದು, ಖಾಲಿ ತಂದರೆ ಮರಳಿಸುತ್ತಾರೆ. ಬಾಟಲಿಗಳು ಕಾಡಿಗೆ ಬೀಳುವುದು ತಪ್ಪಲಿ ಎಂದು ಮಾಡಿದ ಒಳ್ಳೆಯ ಕೆಲಸ. ಯೋಜನೆ ಬೇರೆ ಜಿಲ್ಲೆಗಳಿಗೂ ಹರಡಿದಾಗ ಮದ್ಯದಂಗಡಿಯ ನೌಕರರು ಎಣಿಸಿ, ಎತ್ತಿಡುವ ಹೊರೆಯೆಲ್ಲ ತಮ್ಮ ಮೇಲೆ ಬಿತ್ತೆಂದು ಪ್ರತಿಭಟಿಸಿದರು. ಅವರ ಮಾತು ನನಗೆ ಚೆನ್ನಾಗಿ ಅರ್ಥವಾಗುತ್ತದೆ.

ಕರ್ನಾಟಕದಲ್ಲಿ ಇಂಥ ಯೋಜನೆ ಮಾಡುವವರು ಠೇವಣಿ ಎಷ್ಟು ಎಂದು ಬರೆಯುವ ಸಾಲಿನ ಕೆಳಗೇ ಎತ್ತುವ ಕೂಲಿ ಎಷ್ಟು ಎಂದೂ ಬರೆಯಬೇಕು. ತುಂಬಿ ಮಾರುವವರೇ ಅದನ್ನು ಕೊಡಬೇಕು, ಬೆಲೆಯೇರಿದಂತೆ ಅದೂ ಏರಬೇಕು. ಶಿವಾಜಿನಗರದ ಗುಜರಿ ಅಂಗಡಿಗೂ ಕೆ.ಆರ್.ಪುರದ ಒಣತ್ಯಾಜ್ಯ ಕೇಂದ್ರಕ್ಕೂ ಒಂದೇ ದರವಿರಬೇಕು. ಬಾಯಿ ಒಡೆದ ಬಾಟಲಿಗೂ ಕೂಲಿ ಸಲ್ಲಬೇಕು, ಅದನ್ನು ಹೊತ್ತು ತಂದವರೂ ಅಷ್ಟೇ ದೂರ ನಡೆದಿರುತ್ತಾರೆ.