ಜರ್ಮನಿಯ ಅತಿಥಿ ಕಾರ್ಮಿಕರು ಮತ್ತು ಅವರ ಮಕ್ಕಳು

ಎರಡನೆಯ ಮಹಾಯುದ್ಧದ ತರುವಾಯ ಪಶ್ಚಿಮ ಜರ್ಮನಿಯ ಗಣಿ, ಕಾರ್ಖಾನೆಗಳಲ್ಲಿ ತಲೆದೋರಿದ ಆಳುಗಳ ಅಭಾವವನ್ನು ನೀಗಲು ಸರ್ಕಾರಗಳ ನಡುವಣ ಒಪ್ಪಂದದ ಮೇರೆಗೆ ಹೊರನಾಡುಗಳಿಂದ ಕರೆಸಿಕೊಂಡ ಶ್ರಮಿಕರಿಗೆ ಗಾಸ್ಟ್‌ಆರ್ಬೈಟರ್, ಅಂದರೆ ಅತಿಥಿ ಕಾರ್ಮಿಕರು ಎಂಬ ಹೆಸರು ಬಳಕೆಗೆ ಬಂದಿತು. ಮೊದಲ ಒಪ್ಪಂದ 1955ರಲ್ಲಿ ಇಟಲಿಯೊಡನೆ ಆಯಿತು. 1960ರಲ್ಲಿ ಸ್ಪೇನ್ ಮತ್ತು ಗ್ರೀಸ್, 1961ರಲ್ಲಿ ತುರ್ಕಿ, 1968ರಲ್ಲಿ ಯುಗೊಸ್ಲಾವಿಯ ಈ ಸಾಲಿಗೆ ಸೇರಿದವು. 1961ರ ಆಗಸ್ಟಿನಲ್ಲಿ ಬರ್ಲಿನ್ ಗೋಡೆ ಎದ್ದು ಪೂರ್ವ ಜರ್ಮನಿಯವರ ಬರವು ನಿಂತಮೇಲೆ ಬೇಡಿಕೆ ಇನ್ನಷ್ಟು ಹೆಚ್ಚಿತು.

ಇಸ್ತಾಂಬುಲಿನ ನೇಮಕಾತಿ ಕಚೇರಿಯಲ್ಲಿ ಅಭ್ಯರ್ಥಿಗಳ ಹಲ್ಲು, ಕಣ್ಣು, ರಕ್ತ, ಮೂತ್ರಗಳನ್ನು ಪರೀಕ್ಷಿಸಿ, ಗಟ್ಟಿಮುಟ್ಟಾದವರನ್ನು ಮಾತ್ರ ಆರಿಸಲಾಗುತ್ತಿತ್ತು. ರೈಲಿನಲ್ಲಿ ಮ್ಯೂನಿಕ್ ತಲುಪಿದವರನ್ನು 11ನೆಯ ಪ್ಲಾಟ್‌ಫಾರಂನ ಕೆಳಗಿದ್ದ, ಯುದ್ಧಕಾಲದ ನೆಲಮಾಳಿಗೆಗೆ ಕರೆದೊಯ್ದು, ಊಟ ಕೊಟ್ಟು, ಅಲ್ಲಿಂದ ಬೇರೆ ಬೇರೆ ಕಾರ್ಖಾನೆಗಳಿಗೆ ಹಂಚಲಾಗುತ್ತಿತ್ತು. 1964ರ ಸೆಪ್ಟೆಂಬರಿನಲ್ಲಿ ಹತ್ತು ಲಕ್ಷದನೆಯವನಾಗಿ ಬಂದಿಳಿದ ಪೋರ್ಚುಗೀಸ್ ಬಡಗಿಯೊಬ್ಬನಿಗೆ ಕಲೋನಿನ ನಿಲ್ದಾಣದಲ್ಲಿ ಹೂಗುಚ್ಛ ಮತ್ತು ಮೊಪೆಡ್ ಕೊಟ್ಟು ಸ್ವಾಗತಿಸಿದ್ದು ಪ್ರಸಿದ್ಧ. ಆತ ಮುಂದೆ ಕಾಯಿಲೆಬಿದ್ದು, ಊರಿಗೆ ಮರಳಿ 1979ರಲ್ಲಿ ತೀರಿಕೊಂಡದ್ದು ಅಷ್ಟು ಪ್ರಸಿದ್ಧವಲ್ಲ.

ಬಂದವರು ಕೆಲವು ವರ್ಷ ದುಡಿದು ಹಿಂದಿರುಗಬೇಕು, ಅವರ ಜಾಗಕ್ಕೆ ಹೊಸಬರು ಬರಬೇಕು ಎಂಬ ಸರದಿ ಪದ್ಧತಿಯೇ ಯೋಜನೆಯ ಆಧಾರವಾಗಿತ್ತು. ಅದನ್ನು ಮುರಿದವರಲ್ಲಿ ಕಾರ್ಖಾನೆಗಳ ಮಾಲೀಕರೂ ಮುಖ್ಯರು: ಪಳಗಿದ ಕೈಗಳನ್ನು ಬಿಟ್ಟು ಹೊಸಬರಿಗೆ ಕಲಿಸುವುದು ಅವರಿಗೆ ದುಬಾರಿಯಾಗಿತ್ತು. ತೈಲ ಬಿಕ್ಕಟ್ಟಿನ ನಡುವೆ 1973ರ ನವೆಂಬರ್ 23ರಂದು ಸರ್ಕಾರ ನೇಮಕಾತಿಯನ್ನು ನಿಲ್ಲಿಸಿತು. ಪರಿಣಾಮ ಉದ್ದೇಶಕ್ಕೆ ವಿರುದ್ಧವಾಯಿತು. ಒಮ್ಮೆ ಹೋದರೆ ಮತ್ತೆ ಬರಲಾಗದೆಂದು ತಿಳಿದ ತುರ್ಕರು ಅಲ್ಲೇ ಉಳಿದು, ಹೆಂಡಿರುಮಕ್ಕಳನ್ನು ಕರೆಸಿಕೊಂಡರು. ಜರ್ಮನಿಯಲ್ಲೇ ವಾಸಿಸುವ ಮಕ್ಕಳಿಗಷ್ಟೇ ಪೂರ್ಣ ಮಕ್ಕಳ ಭತ್ಯೆ ಎಂಬ 1975ರ ನಿಯಮವೂ ಇದಕ್ಕೆ ಇಂಬುಕೊಟ್ಟಿತು.

ಹೀಗೆ ಬಂದ ಮಕ್ಕಳ ಪಾಡೇ ಈ ಇತಿಹಾಸದ ಅತ್ಯಂತ ತೊಡಕಿನ ಭಾಗ. ಅಲ್ಲಿಯ ಹೆಚ್ಚಿನ ರಾಜ್ಯಗಳಲ್ಲಿ ಸುಮಾರು ಹತ್ತರ ವಯಸ್ಸಿಗೇ ಮಕ್ಕಳನ್ನು ಮೂರು ಬಗೆಯ ಶಾಲೆಗಳಿಗೆ ವಿಂಗಡಿಸುವ ಪದ್ಧತಿಯಿತ್ತು. ಜರ್ಮನ್ ಇನ್ನೂ ನಾಲಿಗೆಗೆ ಹತ್ತದ ಮಕ್ಕಳು ಬಹುಪಾಲು ಹೌಪ್ಟ್‌ಶೂಲೆ ಎಂಬ ಕೆಳಸ್ತರದ ಶಾಲೆಗೆ ಬಿದ್ದರು. ವಿಶ್ವವಿದ್ಯಾಲಯಕ್ಕೆ ದಾರಿಯಾದ ಗಿಮ್ನಾಸಿಯಂ ಕೆಲವರಿಗಷ್ಟೇ ದಕ್ಕಿತು. ಬವೇರಿಯದಲ್ಲಂತೂ ಹೇಗೂ ಮರಳಿ ಹೋಗುವವರೆಂದು ಮಾತೃಭಾಷೆಯ ಪ್ರತ್ಯೇಕ ತರಗತಿಗಳನ್ನು ನಡೆಸಲಾಯಿತು. ಹೌಪ್ಟ್‌ಶೂಲೆಯ ಪ್ರಮಾಣಪತ್ರಕ್ಕೆ ಬೆಲೆಯಿದ್ದ ಕಲ್ಲಿದ್ದಲು, ಉಕ್ಕು, ಜವಳಿ ಉದ್ಯಮಗಳು ಈ ಮಕ್ಕಳು ದುಡಿಯುವ ವಯಸ್ಸಿಗೆ ಬರುವ ಹೊತ್ತಿಗೆ ಕುಗ್ಗತೊಡಗಿದ್ದವು. ಶಾಲೆ ಮತ್ತು ಕಾರ್ಯಾಗಾರಗಳೆರಡರಲ್ಲೂ ತರಬೇತಿ ನೀಡುವ ಅಪ್ರೆಂಟಿಸ್ ವ್ಯವಸ್ಥೆಯಲ್ಲಿ ಜಾಗ ಸಿಗದವರು ನಿರುದ್ಯೋಗಿಗಳಾದರು. ತಂದೆಗೆ ಓದಿಲ್ಲದೆಯೂ ದೊರೆತ ಕೆಲಸ ಮಗನಿಗೆ ಓದಿದರೂ ದೊರೆಯಲಿಲ್ಲ. 1983ರ ಕಾಯಿದೆ ಊರಿಗೆ ಮರಳುವ ಕಾರ್ಮಿಕನಿಗೆ 10,500 ಮಾರ್ಕ್ ನೀಡಿತಾದರೂ ಹೆಚ್ಚಿನವರು ಉಳಿದೇಬಿಟ್ಟರು.

ತೇರ್ಗಡೆಯಾದವರೂ ಇದ್ದರು. ಅತಿಥಿ ಕಾರ್ಮಿಕರ ಮಗ ಜೆಮ್ ಓಝ್ದೆಮಿರ್ 1994ರಲ್ಲಿ ಸಂಸತ್ತಿಗೆ ಆಯ್ಕೆಯಾದರು. ಕಲೋನಿನ ಫೋರ್ಡ್ ಕಾರ್ಖಾನೆಯ ಕಾರ್ಮಿಕನ ಮಗ ಉಗುರ್ ಶಾಹಿನ್ ಮುಂದೆ ಕೋವಿಡ್ ಲಸಿಕೆ ರೂಪಿಸಿದ ಬಯೋಎನ್‌ಟೆಕ್ ಕಂಪನಿಯನ್ನು ಕಟ್ಟಿದರು. ಆದರೆ ಇಂತಹ ಹೆಸರುಗಳಿಂದ ಇಡೀ ಪೀಳಿಗೆಯನ್ನು ಅಳೆಯುವುದು ಸರಿಯಲ್ಲ.

ರಕ್ತಸಂಬಂಧವನ್ನಷ್ಟೇ ಮಾನ್ಯಮಾಡುತ್ತಿದ್ದ ಪೌರತ್ವ ಕಾಯಿದೆ 2000ದಲ್ಲಿ ಬದಲಾಗಿ, ಜರ್ಮನಿಯಲ್ಲಿ ಹುಟ್ಟಿದ ವಿದೇಶೀಯರ ಮಕ್ಕಳಿಗೂ ಷರತ್ತುಗಳೊಡನೆ ಪೌರತ್ವ ದೊರೆಯಿತು. 2024ರ ಜೂನಿನಲ್ಲಿ ಜಾರಿಯಾದ ತಿದ್ದುಪಡಿ ಇಬ್ಬಗೆಯ ಪೌರತ್ವಕ್ಕೆ ಅವಕಾಶ ಕೊಟ್ಟು, ಮೊದಲ ಪೀಳಿಗೆಯ ವೃದ್ಧ ಅತಿಥಿ ಕಾರ್ಮಿಕರಿಗೆ ಪೌರತ್ವದ ಲಿಖಿತ ಪರೀಕ್ಷೆಯಿಂದ ವಿನಾಯಿತಿ ನೀಡಿತು.